ಲಿನಕ್ಸ್‌ನಲ್ಲಿ ವಿಂಡೋಸ್ ರೇಸಿಂಗ್ ಆಟಗಳು

ಮೈಕ್ರೋಸಾಫ್ಟ್ ವಿಂಡೋಸ್‌ಗಾಗಿ ತಯಾರಾದ ಕಾರು, ಬೈಕು ಮೊದಲಾದ ವಾಹನ ಸ್ಪರ್ಧೆಯ ಆಟಗಳನ್ನು ವಿಂಡೋಸ್ ಇಲ್ಲದೆಯೇ ಲಿನಕ್ಸ್ ಗಣಕದಲ್ಲಿ ನಡೆಸಲು ಹೊಂದಾಣಿಕೆಯ ಪದರ ಎಂಬ ಬಗೆಯ ತಂತ್ರಾಂಶವನ್ನು ಬಳಸಲಾಗುತ್ತದೆ. ಇವುಗಳಲ್ಲಿ ಮುಖ್ಯವಾದುದು ವೈನ್. ಇದು 1993ರಲ್ಲಿ ಆರಂಭವಾದ ಮುಕ್ತ ತಂತ್ರಾಂಶ ಯೋಜನೆ. ವೈನ್ ಅನ್ನು ಆಧರಿಸಿ ವಾಲ್ವ್ ಸಂಸ್ಥೆಯು 2018ರಲ್ಲಿ ಪ್ರೋಟಾನ್ ಎಂಬ ತಂತ್ರಾಂಶವನ್ನು ಬಿಡುಗಡೆ ಮಾಡಿತು. ರೇಸಿಂಗ್ ಆಟಗಳು ಚಿತ್ರಗಳ ವೇಗ, ಸ್ಟೀರಿಂಗ್ ಚಕ್ರದ ಸ್ಪಂದನೆ ಮತ್ತು ಅಂತರಜಾಲದ ಮೂಲಕ ನಡೆಯುವ ಪೈಪೋಟಿ ಈ ಮೂರನ್ನೂ ಅವಲಂಬಿಸಿರುವುದರಿಂದ, ಹೊಂದಾಣಿಕೆಯ ಪದರದ ಸಾಮರ್ಥ್ಯ ಮತ್ತು ಮಿತಿಗಳೆರಡೂ ಇವುಗಳಲ್ಲಿ ಸ್ಪಷ್ಟವಾಗಿ ಕಾಣುತ್ತವೆ.

ಹಿನ್ನೆಲೆ

ಒಂದು ಕಾರ್ಯಾಚರಣ ವ್ಯವಸ್ಥೆಗಾಗಿ ಬರೆದ ತಂತ್ರಾಂಶವು ಇನ್ನೊಂದರಲ್ಲಿ ನೇರವಾಗಿ ನಡೆಯುವುದಿಲ್ಲ. ವಿಂಡೋಸ್‌ನ ಕಾರ್ಯಗತ ಕಡತಗಳು ಪಿಇ ಎಂಬ ಸ್ವರೂಪದಲ್ಲಿಯೂ ಲಿನಕ್ಸ್‌ನವು ಇಎಲ್‌ಎಫ್ ಎಂಬ ಸ್ವರೂಪದಲ್ಲಿಯೂ ಇರುತ್ತವೆ. ಕಡತ ತೆರೆಯುವುದು, ಕಿಟಕಿ ಮೂಡಿಸುವುದು, ಶಬ್ದ ಹೊರಡಿಸುವುದು ಮೊದಲಾದ ಕೆಲಸಗಳಿಗೆ ತಂತ್ರಾಂಶವು ಕಾರ್ಯಾಚರಣ ವ್ಯವಸ್ಥೆಯನ್ನು ಕೋರುವ ಕ್ರಮವೂ ಎರಡರಲ್ಲಿ ಬೇರೆಬೇರೆ.

ಲಿನಕ್ಸ್‌ಗೆಂದೇ ರಚಿತವಾದ ರೇಸಿಂಗ್ ಆಟಗಳು ಇಲ್ಲದಿಲ್ಲ. ಟಾರ್ಕ್ಸ್, ಅದರಿಂದ ಕವಲೊಡೆದ ಸ್ಪೀಡ್ ಡ್ರೀಮ್ಸ್, ಮಕ್ಕಳಿಗೂ ಹಿಡಿಸುವ ಸೂಪರ್‌ಟಕ್ಸ್‌ಕಾರ್ಟ್ ಇವು ಮುಕ್ತ ತಂತ್ರಾಂಶಗಳು. ಫೆರಲ್ ಇಂಟರಾಕ್ಟಿವ್ ಎಂಬ ಬ್ರಿಟಿಷ್ ಸಂಸ್ಥೆಯು ಗ್ರಿಡ್ ಆಟೋಸ್ಪೋರ್ಟ್, ಡರ್ಟ್ ರ‍್ಯಾಲಿ, ಎಫ್1 2017 ಮೊದಲಾದ ವಾಣಿಜ್ಯ ಆಟಗಳ ಲಿನಕ್ಸ್ ಆವೃತ್ತಿಗಳನ್ನು ಹೊರತಂದಿತು. ಆದರೆ ಬಹುಪಾಲು ವಾಣಿಜ್ಯ ರೇಸಿಂಗ್ ಆಟಗಳು ವಿಂಡೋಸ್‌ಗೆ ಮಾತ್ರ ಬಿಡುಗಡೆಯಾಗಿವೆ. ಹಾಗಾಗಿ ಲಿನಕ್ಸ್ ಬಳಕೆದಾರರು ಹೊಂದಾಣಿಕೆಯ ಪದರವನ್ನು ಆಶ್ರಯಿಸುತ್ತಾರೆ.

ಹಳೆಯ ಗಣಕಗಳ ಪ್ರಶ್ನೆಯೂ ಇದಕ್ಕೆ ಸೇರಿಕೊಂಡಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಘಟಕವೂ ಸಾಕಷ್ಟು ಹೊಸದಾದ ಸಂಸ್ಕಾರಕವೂ ಇರಬೇಕೆಂಬ ನಿಯಮವಿದೆ. ಈ ನಿಯಮಕ್ಕೆ ಹೊಂದದ, ಆದರೆ ಸುಸ್ಥಿತಿಯಲ್ಲಿರುವ ಗಣಕದಲ್ಲಿ ಲಿನಕ್ಸ್ ಅಳವಡಿಸಿಕೊಂಡವರಿಗೆ ತಾವು ಹಿಂದೆ ಹಣ ಕೊಟ್ಟು ಕೊಂಡ ಆಟಗಳನ್ನು ಉಳಿಸಿಕೊಳ್ಳುವ ದಾರಿಗಳಲ್ಲಿ ಇದೂ ಒಂದು.

ಇತಿಹಾಸ

ವೈನ್ ಯೋಜನೆಯನ್ನು 1993ರಲ್ಲಿ ಬಾಬ್ ಆಮ್‌ಸ್ಟಾಟ್ ಮತ್ತು ಸಂಗಡಿಗರು ಆರಂಭಿಸಿದರು. 1994ರಿಂದ ಅಲೆಕ್ಸಾಂಡರ್ ಜೂಲಿಯಾರ್ ಅದನ್ನು ಮುನ್ನಡೆಸುತ್ತಿದ್ದಾರೆ. 'ವೈನ್ ಎಮ್ಯುಲೇಟರ್ ಅಲ್ಲ' ಎಂಬರ್ಥದ ಇಂಗ್ಲಿಷ್ ವಾಕ್ಯದ ಮೊದಲ ಅಕ್ಷರಗಳೇ ಈ ಹೆಸರಿಗೆ ವಿವರಣೆಯೆಂದು ಯೋಜನೆಯವರು ಹೇಳುತ್ತಾರೆ.

ಮೊದಲಿಗೆ ವೈನ್ ಅತ್ಯಂತ ಸಡಿಲವಾದ ಪರವಾನಗಿಯಲ್ಲಿ ದೊರೆಯುತ್ತಿತ್ತು. ಟ್ರಾನ್ಸ್‌ಗೇಮಿಂಗ್ ಎಂಬ ಕೆನಡಾದ ಸಂಸ್ಥೆಯು ಅದರಿಂದ ಆಟಗಳಿಗಾಗಿಯೇ ವೈನ್‌ಎಕ್ಸ್ ಎಂಬ ವಾಣಿಜ್ಯ ಆವೃತ್ತಿಯನ್ನು ರೂಪಿಸಿತು. ಮುಂದೆ ಇದಕ್ಕೆ ಸೆಡೆಗಾ ಎಂಬ ಹೆಸರಾಯಿತು. ಸುಧಾರಣೆಗಳು ಮೂಲ ಯೋಜನೆಗೆ ಹಿಂದಿರುಗದೆ ಹೋಗಬಹುದೆಂಬ ಆತಂಕದಿಂದ 2002ರ ಮಾರ್ಚ್‌ನಲ್ಲಿ ವೈನ್ ಅನ್ನು ಎಲ್‌ಜಿಪಿಎಲ್ ಪರವಾನಗಿಗೆ ಬದಲಾಯಿಸಲಾಯಿತು. ಈ ಪರವಾನಗಿಯಂತೆ, ವೈನ್‌ನಲ್ಲಿ ಮಾಡಿದ ಬದಲಾವಣೆಯನ್ನು ವಿತರಿಸುವವರು ಅದರ ಆಕರ ಸಂಕೇತವನ್ನೂ ಒದಗಿಸಬೇಕು. ಕೋಡ್‌ವೀವರ್ಸ್ ಸಂಸ್ಥೆಯು ಕ್ರಾಸ್‌ಓವರ್ ಎಂಬ ವಾಣಿಜ್ಯ ಉತ್ಪನ್ನವನ್ನು ಮಾರುತ್ತಲೇ ವೈನ್‌ನ ಬೆಳವಣಿಗೆಗೆ ದೊಡ್ಡ ಪಾಲು ನೀಡುತ್ತ ಬಂದಿದೆ.

ಹದಿನೈದು ವರ್ಷಗಳ ಕೆಲಸದ ನಂತರ 2008ರ ಜೂನ್ 17ರಂದು ವೈನ್ 1.0 ಬಿಡುಗಡೆಯಾಯಿತು. 2017ರ ಜನವರಿಯಲ್ಲಿ 2.0 ಬಂದ ಬಳಿಕ ಪ್ರತಿ ವರ್ಷದ ಆರಂಭದಲ್ಲಿ ಒಂದು ಸ್ಥಿರ ಆವೃತ್ತಿಯನ್ನು ಹೊರತರುವ ಪರಿಪಾಠ ಬೆಳೆಯಿತು. 2025ರ ಜನವರಿಯಲ್ಲಿ 10.0 ಹೊರಬಂದಿತು.

2018ರ ಆಗಸ್ಟ್ 21ರಂದು ವಾಲ್ವ್ ಸಂಸ್ಥೆಯು ತನ್ನ ಸ್ಟೀಮ್ ಮಳಿಗೆಯೊಳಗೆ ಪ್ರೋಟಾನ್ ಅನ್ನು ಸೇರಿಸಿದ್ದು ಈ ಇತಿಹಾಸದ ಮುಖ್ಯ ತಿರುವು. ಅಲ್ಲಿಯವರೆಗೆ ಬಳಕೆದಾರರೇ ಒಂದೊಂದು ಆಟಕ್ಕೂ ಮಾಡಿಕೊಳ್ಳಬೇಕಾಗಿದ್ದ ಹೊಂದಿಕೆಗಳು ಒಂದು ಗುಂಡಿಯ ಹಿಂದೆ ಸರಿದವು. 2022ರ ಫೆಬ್ರುವರಿಯಲ್ಲಿ ಮಾರುಕಟ್ಟೆಗೆ ಬಂದ ಸ್ಟೀಮ್ ಡೆಕ್ ಎಂಬ ಕೈಗಣಕವು ಲಿನಕ್ಸ್ ಆಧಾರಿತ ಸ್ಟೀಮ್‌ಒಎಸ್‌ನಿಂದ ನಡೆಯುವುದರಿಂದ, ಆಟ ತಯಾರಕರೂ ಪ್ರೋಟಾನ್‌ನತ್ತ ಗಮನ ಕೊಡಲಾರಂಭಿಸಿದರು.

ಕಾರ್ಯವಿಧಾನ

ವೈನ್ ಒಂದು ಎಮ್ಯುಲೇಟರ್ ಅಲ್ಲ. ಎಮ್ಯುಲೇಟರ್ ಒಂದು ಬಗೆಯ ಸಂಸ್ಕಾರಕದ ಪ್ರತಿ ಆದೇಶವನ್ನೂ ಇನ್ನೊಂದಕ್ಕೆ ಅನುವಾದಿಸುತ್ತದೆ. ಸಾಮಾನ್ಯ ಲಿನಕ್ಸ್ ಗಣಕವೂ ವಿಂಡೋಸ್ ಗಣಕವೂ ಎಕ್ಸ್86 ವಂಶದ ಒಂದೇ ಬಗೆಯ ಸಂಸ್ಕಾರಕವನ್ನು ಹೊಂದಿರುವುದರಿಂದ ಆಟದ ಆದೇಶಗಳು ನೇರವಾಗಿ ನಡೆಯುತ್ತವೆ. ವೈನ್ ಮಾಡುವುದು ಕಾರ್ಯಾಚರಣ ವ್ಯವಸ್ಥೆಗೆ ಆಟ ಸಲ್ಲಿಸುವ ಕೋರಿಕೆಗಳನ್ನು ಪೂರೈಸುವ ಕೆಲಸವನ್ನು ಮಾತ್ರ. ಇದೇ ಕಾರಣದಿಂದ, ಆರ್ಮ್ ಸಂಸ್ಕಾರಕವಿರುವ ರಾಸ್ಪ್‌ಬೆರಿ ಪೈನಂತಹ ಗಣಕದಲ್ಲಿ ವೈನ್ ಒಂದೇ ಸಾಲದು. ಬಾಕ್ಸ್64 ಅಥವಾ ಫೆಕ್ಸ್‌ನಂತಹ ಎಮ್ಯುಲೇಟರ್ ಕೂಡ ಬೇಕಾಗುತ್ತದೆ.

ಈ ವ್ಯವಸ್ಥೆಯ ಮುಖ್ಯ ಭಾಗಗಳು ಹೀಗಿವೆ:

- ಲೋಡರ್: ವಿಂಡೋಸ್ ಕಾರ್ಯಗತ ಕಡತವನ್ನು ಸ್ಮೃತಿಗೆ ತಂದು ಆರಂಭಿಸುತ್ತದೆ.
- ಡಿಎಲ್‌ಎಲ್ ಗ್ರಂಥಾಲಯಗಳು: ವಿಂಡೋಸ್‌ನ ಗ್ರಂಥಾಲಯಗಳಿಗೆ ಬದಲಾಗಿ ವೈನ್ ತಂಡವು ಹೊಸದಾಗಿ ಬರೆದವು.
- ವೈನ್‌ಸರ್ವರ್: ವಿಂಡೋಸ್ ಕರ್ನಲ್ ಮಾಡುವ ಸಮನ್ವಯದ ಕೆಲಸವನ್ನು ಹಿನ್ನೆಲೆಯಲ್ಲಿ ನಿರ್ವಹಿಸುತ್ತದೆ.
- ಪ್ರಿಫಿಕ್ಸ್: ವಿಂಡೋಸ್‌ನ ಸಿ ಡ್ರೈವ್ ಮತ್ತು ರಿಜಿಸ್ಟ್ರಿಯನ್ನು ಹೋಲುವ ಕಡತಕೋಶ. ಪ್ರತಿ ಆಟಕ್ಕೂ ಬೇರೆ ಪ್ರಿಫಿಕ್ಸ್ ಇಟ್ಟರೆ ಒಂದರ ಬದಲಾವಣೆ ಇನ್ನೊಂದನ್ನು ಕೆಡಿಸುವುದಿಲ್ಲ. ಪ್ರೋಟಾನ್ ಇದನ್ನು ತಾನಾಗಿಯೇ ಮಾಡುತ್ತದೆ.

ಆಟದ ಪ್ರಗತಿಯನ್ನು ಉಳಿಸಿದ ಕಡತಗಳು ಸಾಮಾನ್ಯವಾಗಿ ಪ್ರಿಫಿಕ್ಸ್‌ನ ಒಳಗೇ ಇರುತ್ತವೆ. ತೊಂದರೆ ಪರಿಹಾರಕ್ಕೆಂದು ಪ್ರಿಫಿಕ್ಸ್ ಅನ್ನು ಅಳಿಸಿದರೆ, ಬೇರೆಡೆ ನಕಲು ಇಲ್ಲದ ಪಕ್ಷದಲ್ಲಿ, ಗೆದ್ದ ಸ್ಪರ್ಧೆಗಳ ದಾಖಲೆಯೂ ಅಳಿದುಹೋಗುತ್ತದೆ.

ಚಿತ್ರ ಮೂಡಿಸುವಿಕೆ

ವಿಂಡೋಸ್ ಆಟಗಳು ಬಹುಮಟ್ಟಿಗೆ ಡೈರೆಕ್ಟ್3ಡಿ ಎಂಬ ಮೈಕ್ರೋಸಾಫ್ಟ್ ವ್ಯವಸ್ಥೆಯ ಮೂಲಕ ಗ್ರಾಫಿಕ್ಸ್ ಕಾರ್ಡಿಗೆ ಆದೇಶ ನೀಡುತ್ತವೆ. ಲಿನಕ್ಸ್‌ನಲ್ಲಿ ಇದು ಇಲ್ಲ; ಓಪನ್‌ಜಿಎಲ್ ಮತ್ತು ವಲ್ಕನ್ ಇವೆ. ಆದ್ದರಿಂದ ಅನುವಾದ ಅನಿವಾರ್ಯ. ಅದಕ್ಕೆ ಮೂರು ಮುಖ್ಯ ಮಾರ್ಗಗಳಿವೆ.

- ವೈನ್‌ಡಿ3ಡಿ: ವೈನ್‌ನೊಳಗೇ ಇರುವ ಹಳೆಯ ಮಾರ್ಗ. ಡೈರೆಕ್ಟ್3ಡಿಯನ್ನು ಮುಖ್ಯವಾಗಿ ಓಪನ್‌ಜಿಎಲ್‌ಗೆ ಅನುವಾದಿಸುತ್ತದೆ.
- ಡಿಎಕ್ಸ್‌ವಿಕೆ: ಫಿಲಿಪ್ ರೆಬೋಲೆ ಆರಂಭಿಸಿದ ಯೋಜನೆ. ಡೈರೆಕ್ಟ್3ಡಿ 11 ಮತ್ತು ಅದಕ್ಕಿಂತ ಹಿಂದಿನ ಆವೃತ್ತಿಗಳನ್ನು ವಲ್ಕನ್‌ಗೆ ಅನುವಾದಿಸುತ್ತದೆ.
- ವಿಕೆಡಿ3ಡಿ-ಪ್ರೋಟಾನ್: ಡೈರೆಕ್ಟ್3ಡಿ 12ನ್ನು ವಲ್ಕನ್‌ಗೆ ಅನುವಾದಿಸುತ್ತದೆ.

ಯಾವ ಮಾರ್ಗ ಸೂಕ್ತವೆಂಬುದು ಆಟದ ವಯಸ್ಸನ್ನೂ ಗ್ರಾಫಿಕ್ಸ್ ಕಾರ್ಡಿನ ವಯಸ್ಸನ್ನೂ ಅವಲಂಬಿಸುತ್ತದೆ. ನೀಡ್ ಫಾರ್ ಸ್ಪೀಡ್: ಮೋಸ್ಟ್ ವಾಂಟೆಡ್‌ನ 2005ರ ಆವೃತ್ತಿ ಡೈರೆಕ್ಟ್3ಡಿ 9ನ್ನು ಬಳಸುತ್ತದೆ, 2014ರ ಅಸೆಟ್ಟೊ ಕೋರ್ಸಾ ಡೈರೆಕ್ಟ್3ಡಿ 11ನ್ನು, 2021ರ ಫೋರ್ಜಾ ಹೊರೈಜನ್ 5 ಡೈರೆಕ್ಟ್3ಡಿ 12ನ್ನು ಬಳಸುತ್ತವೆ. ಡಿಎಕ್ಸ್‌ವಿಕೆಯ 2.0 ಮತ್ತು ನಂತರದ ಆವೃತ್ತಿಗಳಿಗೆ ವಲ್ಕನ್ 1.3 ಬೆಂಬಲ ಬೇಕು. ಇಂಟೆಲ್‌ನ ಕೆಲವು ಹಳೆಯ ತಲೆಮಾರುಗಳ ಒಳಗೂಡಿದ ಗ್ರಾಫಿಕ್ಸ್ ಇರುವ ಗಣಕಗಳಲ್ಲಿ ಈ ಬೆಂಬಲ ದೊರೆಯುವುದಿಲ್ಲ. ಅಂತಹ ಗಣಕಗಳಲ್ಲಿ ಹಳೆಯ ಆಟಗಳಿಗೆ ವೈನ್‌ಡಿ3ಡಿಯೇ ಸೂಕ್ತ.

ತಡೆಯುವಿಕೆಯ ಸಮಸ್ಯೆ

ಆಟವು ಹೊಸ ದೃಶ್ಯವನ್ನು ಮೊದಲ ಬಾರಿ ತೋರಿಸುವಾಗ ಷೇಡರ್ ಎಂಬ ಚಿಕ್ಕ ಕಾರ್ಯಕ್ರಮಗಳನ್ನು ಗ್ರಾಫಿಕ್ಸ್ ಕಾರ್ಡಿಗೆ ತಕ್ಕಂತೆ ಸಂಕಲಿಸಬೇಕಾಗುತ್ತದೆ. ಆ ಕ್ಷಣ ಚಿತ್ರ ನಿಂತಂತಾಗುತ್ತದೆ. ನಿಧಾನಗತಿಯ ಆಟಗಳಲ್ಲಿ ಇದು ಅಷ್ಟಾಗಿ ಗಮನಕ್ಕೆ ಬಾರದಿದ್ದರೂ ರೇಸಿಂಗ್ ಆಟದಲ್ಲಿ ಇದರ ಪರಿಣಾಮ ದೊಡ್ಡದು. ಗಂಟೆಗೆ 180 ಕಿ.ಮೀ. ವೇಗದ ಕಾರು ಸೆಕೆಂಡಿಗೆ 50 ಮೀಟರ್ ಸಾಗುತ್ತದೆ. ಸೆಕೆಂಡಿಗೆ 60 ಚಿತ್ರಗಳು ಮೂಡುವಾಗ ಪ್ರತಿ ಚಿತ್ರಕ್ಕೆ ಸುಮಾರು 16.7 ಮಿಲಿಸೆಕೆಂಡ್ ಸಿಗುತ್ತದೆ. ಅಷ್ಟರಲ್ಲಿ ಕಾರು ಸುಮಾರು 83 ಸೆಂ.ಮೀ. ಮುಂದೆ ಹೋಗುತ್ತದೆ. ಚಿತ್ರವು 100 ಮಿಲಿಸೆಕೆಂಡ್ ತಡೆದರೆ ಆಟಗಾರನಿಗೆ ಕಾಣದೆಯೇ ಕಾರು 5 ಮೀಟರ್ ಸಾಗಿರುತ್ತದೆ. ತಿರುವಿನಲ್ಲಿ ಇಷ್ಟು ಸಾಕು, ಕಾರು ರಸ್ತೆ ಬಿಟ್ಟು ಹೊರಹೋಗುತ್ತದೆ.

ಇದನ್ನು ತಗ್ಗಿಸಲು ಸ್ಟೀಮ್ ತಂತ್ರಾಂಶವು ಷೇಡರ್‌ಗಳನ್ನು ಆಟ ತೆರೆಯುವ ಮೊದಲೇ ಸಿದ್ಧಗೊಳಿಸುತ್ತದೆ. 2022ರ ನವೆಂಬರಿನಲ್ಲಿ ಬಂದ ಡಿಎಕ್ಸ್‌ವಿಕೆ 2.0 ಷೇಡರ್‌ಗಳನ್ನು ಬಿಡಿಬಿಡಿಯಾಗಿ ಮುಂಚಿತವಾಗಿಯೇ ಸಂಕಲಿಸುವ ವಲ್ಕನ್ ಸೌಲಭ್ಯವನ್ನು ಬಳಸಿಕೊಂಡು, ತಕ್ಕ ಚಾಲಕ ತಂತ್ರಾಂಶವಿರುವ ಗಣಕಗಳಲ್ಲಿ ತಡೆಯುವಿಕೆಯನ್ನು ಬಹಳಷ್ಟು ಕಡಿಮೆ ಮಾಡಿತು. ಸಂಸ್ಕಾರಕದ ಹಲವು ಎಳೆಗಳ ನಡುವಣ ಸಮನ್ವಯವನ್ನು ಚುರುಕುಗೊಳಿಸುವ ಎನ್‌ಟಿಸಿಂಕ್ ಎಂಬ ವ್ಯವಸ್ಥೆಯು 2025ರಲ್ಲಿ ಲಿನಕ್ಸ್ ಕರ್ನಲ್ 6.14ರೊಂದಿಗೆ ಬಳಕೆಗೆ ಸಿದ್ಧವಾಯಿತು.

ಸ್ಟೀರಿಂಗ್ ಚಕ್ರ ಮತ್ತು ನಿಯಂತ್ರಕಗಳು

ಕೀಲಿಮಣೆಯಿಂದಲೂ ರೇಸಿಂಗ್ ಆಟವಾಡಬಹುದು. ಆದರೆ ಕೀಲಿ ಒತ್ತಿದೆ ಅಥವಾ ಒತ್ತಿಲ್ಲ ಎಂಬ ಎರಡೇ ಸ್ಥಿತಿಗಳಿರುವುದರಿಂದ ಸ್ಟೀರಿಂಗನ್ನು ಸ್ವಲ್ಪವೇ ತಿರುಗಿಸುವುದು ಸಾಧ್ಯವಾಗದು. ಹೀಗಾಗಿ ಗೇಮ್‌ಪ್ಯಾಡ್ ಅಥವಾ ಸ್ಟೀರಿಂಗ್ ಚಕ್ರವನ್ನು ಬಳಸುತ್ತಾರೆ. ವಿಂಡೋಸ್ ಆಟಗಳು ಇವುಗಳನ್ನು ಡೈರೆಕ್ಟ್‌ಇನ್‌ಪುಟ್ ಅಥವಾ ಎಕ್ಸ್‌ಇನ್‌ಪುಟ್ ಮೂಲಕ ಗುರುತಿಸುತ್ತವೆ. ವೈನ್ ಈ ಎರಡನ್ನೂ ಲಿನಕ್ಸ್ ಕರ್ನಲ್‌ನ ಇನ್‌ಪುಟ್ ವ್ಯವಸ್ಥೆಗೆ ಜೋಡಿಸುತ್ತದೆ.

ಎಕ್ಸ್‌ಬಾಕ್ಸ್ ಮಾದರಿಯ ಗೇಮ್‌ಪ್ಯಾಡ್‌ಗಳಿಗೆ ಬೇಕಾದ ಚಾಲಕ ಕರ್ನಲ್‌ನಲ್ಲಿಯೇ ಇದೆ. ಸ್ಟೀರಿಂಗ್ ಚಕ್ರದ ವಿಷಯ ಇನ್ನಷ್ಟು ಸೂಕ್ಷ್ಮವಾದುದು. ರಸ್ತೆಯ ಒರಟುತನ, ಟೈರಿನ ಹಿಡಿತ ಮೊದಲಾದವನ್ನು ಮೋಟರಿನ ಬಲದಿಂದ ಕೈಗೆ ಮುಟ್ಟಿಸುವ ಫೋರ್ಸ್ ಫೀಡ್‌ಬ್ಯಾಕ್ ಸೌಲಭ್ಯ ಕೆಲಸಮಾಡಲು ಆಟ, ವೈನ್, ಕರ್ನಲ್ ಚಾಲಕ ಮತ್ತು ಚಕ್ರ ಈ ನಾಲ್ಕೂ ಹೊಂದಿಕೊಳ್ಳಬೇಕು. ಲಾಜಿಟೆಕ್ ಜಿ27, ಜಿ29 ಚಕ್ರಗಳಿಗೆ ಕರ್ನಲ್‌ನಲ್ಲಿ ಚಾಲಕವಿದೆ. ಅದು ಎಲ್ಲ ಬಗೆಯ ಬಲ ಪರಿಣಾಮಗಳನ್ನು ನೀಡದಿರುವುದರಿಂದ, ನ್ಯೂ-ಎಲ್‌ಜಿ4ಎಫ್‌ಎಫ್ ಎಂಬ ಸ್ವಯಂಸೇವಕರ ಚಾಲಕವನ್ನು ಕೆಲವರು ಅಳವಡಿಸಿಕೊಳ್ಳುತ್ತಾರೆ. ಜಿ29 ಚಕ್ರದ ಮೇಲಿನ ಗುಂಡಿಯನ್ನು ಪಿಎಸ್3 ಸ್ಥಾನದಲ್ಲಿ ಇಡಬೇಕಾಗುತ್ತದೆ.

ತಿರುಗುವ ಕೋನದ ಹೊಂದಿಕೆಯೂ ಮುಖ್ಯ. ಈ ಚಕ್ರಗಳು ಒಂದು ಕೊನೆಯಿಂದ ಇನ್ನೊಂದು ಕೊನೆಗೆ 900 ಡಿಗ್ರಿ ತಿರುಗಬಲ್ಲವು. ಆಟವು 900 ಡಿಗ್ರಿಯನ್ನು ನಿರೀಕ್ಷಿಸುವಾಗ ಚಾಲಕದಲ್ಲಿ 270 ಎಂದು ನಿಗದಿಯಾಗಿದ್ದರೆ, ಕೈ 135 ಡಿಗ್ರಿ ತಿರುಗಿಸಿದ್ದನ್ನು ಆಟ 450 ಡಿಗ್ರಿ ಎಂದು ಭಾವಿಸುತ್ತದೆ. ಕಾರು ಅಗತ್ಯಕ್ಕಿಂತ ಬಹಳ ಹೆಚ್ಚು ತಿರುಗುತ್ತದೆ. ಓವರ್‌ಸ್ಟಿಯರ್ ಎಂಬ ಮುಕ್ತ ತಂತ್ರಾಂಶದಿಂದ ಈ ಕೋನವನ್ನು ಸರಿಪಡಿಸಬಹುದು.

ಅಳವಡಿಕೆ

ಸ್ಟೀಮ್‌ನಲ್ಲಿ ಕೊಂಡ ಆಟವಾದರೆ, ಸ್ಟೀಮ್‌ನ ಆಯ್ಕೆಗಳಲ್ಲಿ ಹೊಂದಾಣಿಕೆ ವಿಭಾಗದಿಂದ ಪ್ರೋಟಾನ್ ಆವೃತ್ತಿಯನ್ನು ಆರಿಸಿದರೆ ಸಾಕು. ಬೇರೆ ಮಳಿಗೆಗಳ ಆಟಗಳಿಗೆ ಲುಟ್ರಿಸ್, ಹೀರೋಯಿಕ್, ಬಾಟಲ್ಸ್ ಎಂಬ ನಿರ್ವಾಹಕ ತಂತ್ರಾಂಶಗಳಿವೆ. ಹಳೆಯ ಸಿ.ಡಿ. ಅಥವಾ ಡಿವಿಡಿಯ ಆಟಗಳಿಗೆ ಸಾಮಾನ್ಯವಾಗಿ ಈ ಕ್ರಮವನ್ನು ಅನುಸರಿಸಲಾಗುತ್ತದೆ:

1. ಗ್ರಾಫಿಕ್ಸ್ ಚಾಲಕದ 64 ಬಿಟ್ ಮತ್ತು 32 ಬಿಟ್ ಭಾಗಗಳೆರಡನ್ನೂ ಅಳವಡಿಸುವುದು. ಹಳೆಯ ಆಟಗಳು ಹೆಚ್ಚಾಗಿ 32 ಬಿಟ್‌ನವು.
2. ಆಟಕ್ಕೆಂದೇ ಹೊಸ ಪ್ರಿಫಿಕ್ಸ್ ರಚಿಸುವುದು.
3. ಆ ಪ್ರಿಫಿಕ್ಸ್‌ನಲ್ಲಿ ಆಟದ ಅಳವಡಿಕೆ ಕಡತವನ್ನು ವೈನ್ ಮೂಲಕ ನಡೆಸುವುದು.
4. ಆಟ ಕೇಳುವ ಹೆಚ್ಚುವರಿ ಗ್ರಂಥಾಲಯಗಳನ್ನು ವೈನ್‌ಟ್ರಿಕ್ಸ್ ಸಹಾಯದಿಂದ ಸೇರಿಸುವುದು.
5. ತೊಂದರೆ ಕಂಡರೆ ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ ಫಲಿತಾಂಶವನ್ನು ನೋಡುವುದು.

ಒಂದು ಆಟ ಎಷ್ಟರಮಟ್ಟಿಗೆ ನಡೆಯುತ್ತದೆಂದು ಮುಂಚೆಯೇ ತಿಳಿಯಲು ವೈನ್‌ನ ಆ್ಯಪ್‌ಡಿಬಿ ಮತ್ತು ಪ್ರೋಟಾನ್‌ಡಿಬಿ ಎಂಬ ಜಾಲತಾಣಗಳಲ್ಲಿ ಬಳಕೆದಾರರು ಬರೆದ ವರದಿಗಳಿವೆ. ಗಣಕದ ವಿವರ ಮತ್ತು ತಂತ್ರಾಂಶದ ಆವೃತ್ತಿ ತನ್ನದಕ್ಕೆ ಸಮೀಪವಿರುವ ವರದಿಯೇ ಹೆಚ್ಚು ಉಪಯುಕ್ತ.

ಕೆಲವು ಸಂದರ್ಭಗಳಲ್ಲಿ ಹಳೆಯ ಆಟ ಇಂದಿನ ವಿಂಡೋಸ್‌ಗಿಂತ ವೈನ್‌ನಲ್ಲಿಯೇ ಸುಲಭವಾಗಿ ನಡೆಯುವುದುಂಟು. 1990ರ ದಶಕದ ಅನೇಕ ಆಟಗಳ ಅಳವಡಿಕೆ ಕಡತಗಳು 16 ಬಿಟ್‌ನವು. ಇವುಗಳನ್ನು 64 ಬಿಟ್ ವಿಂಡೋಸ್ ತೆರೆಯುವುದೇ ಇಲ್ಲ. 64 ಬಿಟ್ ಲಿನಕ್ಸ್‌ನಲ್ಲಿ ವೈನ್ ತೆರೆಯಬಲ್ಲದು.

ಮಿತಿಗಳು

ಬಹು ಆಟಗಾರರ ಪೈಪೋಟಿಯಲ್ಲಿ ಮೋಸ ತಡೆಯುವ ತಂತ್ರಾಂಶಗಳು ಇಂದು ದೊಡ್ಡ ಅಡ್ಡಿಯಾಗಿವೆ. ಇವುಗಳಲ್ಲಿ ಕೆಲವು ವಿಂಡೋಸ್ ಕರ್ನಲ್‌ನೊಳಗೆ ಸೇರಿಕೊಳ್ಳುತ್ತವೆ. ವೈನ್‌ನ ಕೆಳಗಿರುವುದು ಲಿನಕ್ಸ್ ಕರ್ನಲ್ ಆದ್ದರಿಂದ ಇದು ಸಾಧ್ಯವಿಲ್ಲ. ಈಸಿ ಆಂಟಿ-ಚೀಟ್ ಮತ್ತು ಬ್ಯಾಟಲ್‌ಐ 2021ರ ಸೆಪ್ಟೆಂಬರ್‌ನಲ್ಲಿ ಪ್ರೋಟಾನ್‌ಗೆ ಬೆಂಬಲ ಘೋಷಿಸಿದವು. ಆದರೆ ಅದನ್ನು ಬಳಸುವುದೋ ಬಿಡುವುದೋ ಆಟ ತಯಾರಕರ ನಿರ್ಧಾರ. 2023ರಲ್ಲಿ ಬಿಡುಗಡೆಯಾದ ಇಎ ಸ್ಪೋರ್ಟ್ಸ್ ಡಬ್ಲ್ಯುಆರ್‌ಸಿ ಎಂಬ ರ‍್ಯಾಲಿ ಆಟವು ಮೊದಲು ಲಿನಕ್ಸ್‌ನಲ್ಲಿ ನಡೆಯುತ್ತಿತ್ತು. 2024ರಲ್ಲಿ ಹೊಸ ಮೋಸತಡೆ ತಂತ್ರಾಂಶವನ್ನು ಸೇರಿಸಿದ ನಂತರ ಸ್ಟೀಮ್ ಡೆಕ್ ಮತ್ತು ಲಿನಕ್ಸ್ ಗಣಕಗಳಲ್ಲಿ ಅದು ನಡೆಯದಾಯಿತು. ಹೊಂದಾಣಿಕೆಯ ಪದರದ ಮೂಲಕ ನಡೆಯುವ ಆಟವು ಮುಂದೆಯೂ ನಡೆಯುತ್ತದೆ ಎಂಬ ಭರವಸೆಯನ್ನು ಕೊಡುವವರು ಯಾರೂ ಇಲ್ಲ ಎಂಬುದಕ್ಕೆ ಇದು ನಿದರ್ಶನ.

2000ದ ದಶಕದ ಡಿಸ್ಕ್ ಆಟಗಳಲ್ಲಿದ್ದ ಸೇಫ್‌ಡಿಸ್ಕ್‌ನಂತಹ ನಕಲು ತಡೆ ವ್ಯವಸ್ಥೆಗಳೂ ತೊಂದರೆ ಕೊಡುತ್ತವೆ. ಇದನ್ನು ವಿಂಡೋಸ್ 10 ಕೂಡ ಬೆಂಬಲಿಸುವುದಿಲ್ಲವಾದ್ದರಿಂದ ಈ ತೊಂದರೆ ಲಿನಕ್ಸ್‌ಗಷ್ಟೇ ಸೀಮಿತವಲ್ಲ.

ಭದ್ರತೆಯ ದೃಷ್ಟಿಯಿಂದ ವೈನ್ ಒಂದು ರಕ್ಷಾಕವಚವಲ್ಲ. ಅದರಲ್ಲಿ ನಡೆಯುವ ಕಾರ್ಯಕ್ರಮಕ್ಕೆ ಬಳಕೆದಾರನಿಗಿರುವ ಎಲ್ಲ ಅನುಮತಿಗಳೂ ಇರುತ್ತವೆ. ಝಡ್ ಡ್ರೈವ್ ಮೂಲಕ ಇಡೀ ಲಿನಕ್ಸ್ ಕಡತ ವ್ಯವಸ್ಥೆ ಅದಕ್ಕೆ ಕಾಣುತ್ತದೆ. ಅನಧಿಕೃತ ತಾಣಗಳಿಂದ ಇಳಿಸಿಕೊಂಡ ಆಟದಲ್ಲಿ ದುರುದ್ದೇಶದ ತಂತ್ರಾಂಶವಿದ್ದರೆ ಅದೂ ವೈನ್‌ನಲ್ಲಿ ನಡೆದು ವೈಯಕ್ತಿಕ ಕಡತಗಳನ್ನು ಹಾಳುಮಾಡಬಹುದು. ವೈನ್ ಅನ್ನು ರೂಟ್ ಖಾತೆಯಿಂದ ನಡೆಸಬಾರದೆಂದು ಯೋಜನೆಯವರು ಎಚ್ಚರಿಸುತ್ತಾರೆ.

ಕಾನೂನಿನ ಸ್ಥಿತಿ

ವೈನ್ ತಂಡವು ಮೈಕ್ರೋಸಾಫ್ಟ್‌ನ ಆಕರ ಸಂಕೇತವನ್ನು ನೋಡದೆ, ವಿಂಡೋಸ್‌ನ ಹೊರಗಿನ ವರ್ತನೆಯನ್ನು ಪರೀಕ್ಷಿಸಿ ತನ್ನ ಸಂಕೇತವನ್ನು ತಾನೇ ಬರೆಯುತ್ತದೆ. ಸೋರಿಕೆಯಾದ ವಿಂಡೋಸ್ ಸಂಕೇತವನ್ನು ನೋಡಿದವರ ಕೊಡುಗೆಯನ್ನು ಸ್ವೀಕರಿಸುವುದಿಲ್ಲ. ಭಾರತದ ಕೃತಿಸ್ವಾಮ್ಯ ಅಧಿನಿಯಮ 1957ರ ಪ್ರಕರಣ 52(1)(ಎಬಿ) ಪ್ರಕಾರ, ಸ್ವತಂತ್ರವಾಗಿ ರಚಿಸಿದ ಗಣಕ ಕಾರ್ಯಕ್ರಮವು ಬೇರೆ ಕಾರ್ಯಕ್ರಮಗಳೊಂದಿಗೆ ಹೊಂದಿಕೊಂಡು ನಡೆಯಲು ಅಗತ್ಯವಾದ ಮಾಹಿತಿಯನ್ನು, ಅದು ಬೇರೆ ರೀತಿಯಲ್ಲಿ ಸುಲಭವಾಗಿ ಸಿಗದಿದ್ದಾಗ, ಕಾರ್ಯಕ್ರಮದ ನ್ಯಾಯಬದ್ಧ ಸ್ವಾಧೀನದಾರನು ಪಡೆಯುವುದು ಉಲ್ಲಂಘನೆಯಲ್ಲ. 2012ರ ತಿದ್ದುಪಡಿಯಿಂದ ಸೇರಿದ ಪ್ರಕರಣ 65ಎ, ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ರಕ್ಷಣೆಯನ್ನು ಮುರಿಯುವುದನ್ನು ಅಪರಾಧವೆನ್ನುತ್ತದೆ. ವೈನ್ ಬಳಸುವುದರಿಂದ ಆಟದ ಪರವಾನಗಿಯ ಅಗತ್ಯ ತಪ್ಪುವುದಿಲ್ಲ.

ಕರ್ನಾಟಕ ಮತ್ತು ಕನ್ನಡ

ರೇಸಿಂಗ್ ಆಟಗಳ ನಿರ್ಮಾಣದಲ್ಲಿ ಬೆಂಗಳೂರಿನ ಪಾಲೂ ಇದೆ. ರಾಜೇಶ್ ರಾವ್ ಅವರು 1997ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್ ಭಾರತದ ಆರಂಭಿಕ ಆಟ ನಿರ್ಮಾಣ ಸಂಸ್ಥೆಗಳಲ್ಲೊಂದು. ಹೊರದೇಶದ ಸ್ಟುಡಿಯೋಗಳಿಗೆ ಚಿತ್ರಕಲೆಯ ಕೆಲಸ ಮಾಡಿಕೊಡುತ್ತಿದ್ದ ಈ ಸಂಸ್ಥೆಯು ಮೈಕ್ರೋಸಾಫ್ಟ್‌ನ ಫೋರ್ಜಾ ಹೊರೈಜನ್ ಸರಣಿಗೂ ಕೆಲಸ ಮಾಡಿದೆ. 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್ ಇದನ್ನು ಕೊಂಡು ತನ್ನ ಭಾರತದ ಸ್ಟುಡಿಯೋದಲ್ಲಿ ಸೇರಿಸಿಕೊಂಡಿತು. ಈ ಸರಣಿಯ ಫೋರ್ಜಾ ಹೊರೈಜನ್ 4 ಆಟವು 2021ರ ಮಾರ್ಚ್‌ನಲ್ಲಿ ಸ್ಟೀಮ್‌ಗೆ ಬಂದಿತು. ಲಿನಕ್ಸ್ ಆವೃತ್ತಿ ಇಲ್ಲದಿದ್ದರೂ ಪ್ರೋಟಾನ್ ಮೂಲಕ ಅದನ್ನು ಆಡಬಹುದು. 2024ರ ಡಿಸೆಂಬರ್ 15ರಂದು ಅದರ ಮಾರಾಟ ನಿಂತಿತು. ಹಾಗಾಗಿ ಮೊದಲೇ ಕೊಂಡವರ ಬಳಿ ಮಾತ್ರ ಅದು ಉಳಿದಿದೆ.

ಕನ್ನಡ ಬಳಕೆದಾರರು ಗಮನಿಸಬೇಕಾದ ಒಂದು ತಾಂತ್ರಿಕ ಅಂಶವಿದೆ. ವಿಂಡೋಸ್‌ನಲ್ಲಿ ಕನ್ನಡಕ್ಕೆ ಯೂನಿಕೋಡ್ ಮಾತ್ರ ಇದೆ. ಯೂನಿಕೋಡ್‌ಪೂರ್ವದ ಅಧಿಕೃತ ಸಂಕೇತಪುಟವಿಲ್ಲ. ಆದ್ದರಿಂದ ಯೂನಿಕೋಡ್ ಅರಿಯದ ಹಳೆಯ ಆಟಗಳು ಕನ್ನಡ ಹೆಸರಿನ ಕಡತಕೋಶದಲ್ಲಿ ತಮ್ಮ ಕಡತಗಳನ್ನು ಹುಡುಕಲಾರವು. ಇದು ವಿಂಡೋಸ್‌ನಲ್ಲಿಯೂ ವೈನ್‌ನಲ್ಲಿಯೂ ಒಂದೇ. ಪ್ರಿಫಿಕ್ಸ್ ಮತ್ತು ಆಟದ ಕಡತಕೋಶಗಳಿಗೆ ರೋಮನ್ ಲಿಪಿಯ ಹೆಸರು ಕೊಡುವುದು ಇದಕ್ಕೆ ಪರಿಹಾರ.

ಕನ್ನಡ ಗಣಕ ಪರಿಷತ್ತಿನ ನುಡಿ, ಶೇಷಾದ್ರಿವಾಸು ಅವರ ಬರಹ ಮೊದಲಾದ ಕನ್ನಡ ತಂತ್ರಾಂಶಗಳು ವಿಂಡೋಸ್‌ಗಾಗಿ ರೂಪುಗೊಂಡವು. ಅವುಗಳ ವಿಂಡೋಸ್ ಆವೃತ್ತಿಯನ್ನು ವೈನ್‌ನಲ್ಲಿ ತೆರೆದರೂ, ಕೀಲಿಮಣೆಯ ಮೇಲಿನ ಹಿಡಿತ ವೈನ್ ಕಿಟಕಿಗಳಿಗಷ್ಟೇ ಸೀಮಿತವಾಗಿ, ಲಿನಕ್ಸ್‌ನ ಇತರ ತಂತ್ರಾಂಶಗಳಿಗೆ ಅದು ತಲುಪುವುದಿಲ್ಲ. ಲಿನಕ್ಸ್‌ನಲ್ಲಿ ಕಗಪ ಕೀಲಿಮಣೆ ವಿನ್ಯಾಸ ಸಹಜವಾಗಿಯೇ ಲಭ್ಯವಿರುವುದರಿಂದ ಕನ್ನಡ ಬರೆಯಲು ಹೊಂದಾಣಿಕೆಯ ಪದರದ ಅಗತ್ಯವಿಲ್ಲ. ಆಟಕ್ಕೆ ಇಂತಹ ಬದಲಿ ಸಾಮಾನ್ಯವಾಗಿ ಇರುವುದಿಲ್ಲ. ಒಂದು ಆಟದ ಬದಲು ಇನ್ನೊಂದನ್ನು ಆಡಿದರೆ ಅದು ಬೇರೆಯೇ ಆಟ. ಆದ್ದರಿಂದಲೇ ಆಟಗಳ ಕ್ಷೇತ್ರದಲ್ಲಿ ವೈನ್‌ನ ಅಗತ್ಯ ಹೆಚ್ಚಾಗಿ ಉಳಿದುಕೊಂಡಿದೆ.

ಇವನ್ನೂ ನೋಡಿ

- ವೈನ್ (ತಂತ್ರಾಂಶ)
- ಲಿನಕ್ಸ್
- ಮುಕ್ತ ತಂತ್ರಾಂಶ
- ಸೂಪರ್‌ಟಕ್ಸ್‌ಕಾರ್ಟ್
- ನುಡಿ (ತಂತ್ರಾಂಶ)